ಖಾಲಿ ಕಪಾಟಿನ ಲೈಬ್ರರಿ

ಬಹರೈನಿನ ಮುಹರ್ರಕ್‌ನಲ್ಲಿದ್ದ ನಮ್ಮ ಮನೆಯ ಚಾವಡಿಯಲ್ಲಿ ಒಂದು ನೀಲಿ ಕಪಾಟು ಇತ್ತು. ಟುಬ್ಲಿಯ ಗ್ಯಾರೇಜೊಂದರಲ್ಲಿ, ಗುದ್ದಿಸಿಕೊಂಡು ಬಂದ ಕಾರುಗಳ ತಗ್ಗು ತೆಗೆದು ಬಣ್ಣ ಹೊಡೆಯುವ ಕೆಲಸ ಮಾಡುತ್ತಿದ್ದ ಪಪ್ಪಾ ತಗಡು ಬಗ್ಗಿಸಿ, ವೆಲ್ಡಿಂಗ್ ಮಾಡಿ, ತಾವೇ ಅದನ್ನು ತಯಾರಿಸಿದ್ದರು. ಯಾರದೋ ಕಾರಿಗೆ ಹೊಡೆದು ಉಳಿದ ಬಣ್ಣವಾದ್ದರಿಂದ ಕಿಟಕಿಯ ಬಿಸಿಲು ಬಿದ್ದಾಗ ಮಿರಮಿರ ಮಿನುಗುತ್ತಿತ್ತು. ಬಾಗಿಲಿನ ಮೇಲೆ ಮಮ್ಮಿ ತನ್ನ ದುಂಡು ಅಕ್ಷರದಲ್ಲಿ ‘ಕನ್ನಡ ಗ್ರಂಥಾಲಯ’ ಎಂದು ಬರೆದಿದ್ದಳು. ಮೊದಲ ಸಲ ಮನೆಗೆ ಬಂದವರು ಅದನ್ನು ಓದಿ, ಪರದೇಶದಲ್ಲಿ ಇಂಥದ್ದೊಂದು ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ಬಾಗಿಲು ತೆರೆದು, ಒಳಗೆ ನೋಡಿ, ಆಮೇಲೆ ನಮ್ಮ ಮುಖ ನೋಡುತ್ತಿದ್ದರು. ಒಳಗೆ ಒಂದು ಪುಸ್ತಕವೂ ಇರುತ್ತಿರಲಿಲ್ಲ.

“ಬಾಯಿ, ಪುಸ್ತಕ ಎಲ್ಲಿ?” ಎಂದು ಅವರು ಕೇಳುತ್ತಿದ್ದರು. ನಮ್ಮ ಕರಾವಳಿಯವರಿಗೆ ಮಮ್ಮಿ ಫ್ಲೋರಿ ಬಾಯಿ.

“ಪುಸ್ತಕ ಜನರ ಹತ್ರ ಉಂಟು. ಶುಕ್ರವಾರ ಬೆಳಿಗ್ಗೆ ಬನ್ನಿ, ನೋಡ್ಬಹುದು.”

ಶುಕ್ರವಾರ ರಜೆ. ಅವತ್ತು ಬೆಳಿಗ್ಗೆ ನಮ್ಮ ಚಾವಡಿಯೇ ಶಾಲೆ. ಮನಾಮಾದಿಂದ ಸೇತುವೆ ದಾಟಿ ಮಕ್ಕಳು ಬರುತ್ತಿದ್ದರು. ಕೊಂಕಣಿ ಮನೆಯವರು, ತುಳು ಮನೆಯವರು, ಬ್ಯಾರಿ ಮನೆಯವರು. ಮನೆಯಲ್ಲಿ ಕನ್ನಡವನ್ನೇ ಮಾತಾಡುವ ಮಗು ಇದ್ದದ್ದು ಒಂದೇ, ದಾವಣಗೆರೆಯ ಇಂಜಿನಿಯರ್ ರಾಜಶೇಖರ್ ಅಂಕಲ್ ಅವರ ಮಗ. ಕಾಗುಣಿತದಲ್ಲಿ ಎಲ್ಲರಿಗಿಂತ ಹಿಂದೆ ಇದ್ದವನೂ ಅವನೇ. ಏರ್‌ಪೋರ್ಟ್ ಪಕ್ಕದಲ್ಲೇ ಇದ್ದುದರಿಂದ ಗಳಿಗೆಗೊಂದು ವಿಮಾನ ತಲೆಯ ಮೇಲೆ ಹೋಗುತ್ತಿತ್ತು. ಆಗ ಓದುತ್ತಿದ್ದವರು ಓದುತ್ತಿದ್ದ ಅಕ್ಷರದ ಮೇಲೆ ಬೆರಳಿಟ್ಟು, ಬಾಯಿ ಮುಚ್ಚಿ, ಸದ್ದು ಹೋಗುವವರೆಗೆ ಕಾಯಬೇಕು. ಇವತ್ತಿಗೂ ಎಲ್ಲಾದರೂ ವಿಮಾನದ ಸದ್ದು ಕೇಳಿದರೆ ನಾನು ಮಾತು ನಿಲ್ಲಿಸಿಬಿಡುತ್ತೇನೆ, ಎದುರಿನವರು ನನಗೆ ಏನೋ ಆಯಿತೆಂದು ಗಾಬರಿಯಾಗುತ್ತಾರೆ. ಬ್ಯಾರಿ ಮಕ್ಕಳ ಅಪ್ಪಂದಿರು ಜುಮ್ಮಾ ನಮಾಜಿಗೆ ಹೋಗಬೇಕಾದ್ದರಿಂದ ಬಾಂಗ್ ಆಗುವ ಮುಂಚೆ ತರಗತಿ ಮುಗಿಯಬೇಕು. ಕೊನೆಗೆ ಬೆಲ್ಲ, ತೆಂಗಿನಕಾಯಿ ಕಲಸಿದ ಅವಲಕ್ಕಿ. ಅದನ್ನು ತಿಂದು ಕೈ ತೊಳೆದವರು ಒಂದೊಂದು ಪುಸ್ತಕ ಎತ್ತಿಕೊಂಡು ಹೋಗಲೇಬೇಕು. ಹಿಂದಿನ ವಾರದ್ದನ್ನು ತಂದಿರಬೇಕು, ಈ ವಾರದ್ದನ್ನು ಒಯ್ಯಬೇಕು. ಒಂದು ಪುಸ್ತಕವೂ ಕಪಾಟಿನಲ್ಲಿ ರಾತ್ರಿ ಕಳೆಯಕೂಡದು. ಮಮ್ಮಿಯ ಕಾನೂನು ಅದು.

ಮಕ್ಕಳು ಕಡಿಮೆ ಬಂದ ವಾರ ನೋಡಬೇಕಿತ್ತು ಮಮ್ಮಿಯ ಪರದಾಟ. ಉಳಿದ ಪುಸ್ತಕಗಳನ್ನು ಸೆರಗಿನಲ್ಲಿ ಹಾಕಿಕೊಂಡು ಬೀದಿಗೆ ಇಳಿಯುತ್ತಿದ್ದಳು. ಮೂಲೆಯಲ್ಲಿ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿ ಇಟ್ಟಿದ್ದ ಮಲಯಾಳಿ ಕುಂಞಿಕ್ಕಾಗೆ ಕನ್ನಡದ ಒಂದಕ್ಷರವೂ ಬಾರದು. ಆದರೂ ಅವರ ಮೊಟ್ಟೆಯ ಟ್ರೇಗಳ ಪಕ್ಕದಲ್ಲಿ ವಾರವಿಡೀ ನಮ್ಮ ಪುಸ್ತಕಗಳು ಇರುತ್ತಿದ್ದವು. ಕೆಳಗೆ ವಾಸವಿದ್ದ ನಮ್ಮ ಮನೆಯೊಡತಿ, ಅರಬ್ಬಿ ಮುದುಕಿ ಉಮ್ ಯೂಸುಫ್, ಒಂದು ವ್ಯಾಕರಣ ಪುಸ್ತಕವನ್ನು ತನ್ನ ರೇಡಿಯೊ ಮೇಲೆ ಕಸೂತಿ ಬಟ್ಟೆ ಹೊದಿಸಿ ಇಟ್ಟುಕೊಂಡಿದ್ದಳು. ಶುಕ್ರವಾರ ಅದನ್ನು ತಪ್ಪದೆ ಮೇಲೆ ಕಳಿಸಿ, ಮಧ್ಯಾಹ್ನ ತಪ್ಪದೆ ವಾಪಸ್ ಪಡೆಯುತ್ತಿದ್ದಳು. ಇಡೀ ಬೀದಿಗೆ ಕನ್ನಡ ಪುಸ್ತಕ ಹಂಚುವ ಈ ಹೆಂಗಸು ತನ್ನ ಸ್ವಂತ ಮಗಳಿಗೆ ಮಾತ್ರ ಒಂದನ್ನೂ ಕೊಡುತ್ತಿರಲಿಲ್ಲ. ನಮ್ಮ ಮನೆಯೇ ಲೈಬ್ರರಿ ಆದ್ದರಿಂದ ನಾನು ತೆಗೆದುಕೊಂಡರೂ ಪುಸ್ತಕ ಲೈಬ್ರರಿಯಲ್ಲೇ ಉಳಿದ ಹಾಗೆ ಎಂಬುದು ಅವಳ ವಾದ. ನಾನು ಅತ್ತು ಕರೆದು ರಂಪ ಮಾಡಿದ್ದುಂಟು. ಮಮ್ಮಿ ಜಗ್ಗಲಿಲ್ಲ.

ಹಾಗಾಗಿ ನನ್ನ ಓದೆಲ್ಲ ಶುಕ್ರವಾರ ಬೆಳಗಿನದು, ಪುಸ್ತಕ ಬಂದು ಮತ್ತೆ ಹೋಗುವುದರ ನಡುವೆ ಸಿಕ್ಕಷ್ಟು. ಮುಖಪುಟವೂ ಹೆಸರೂ ಕಳೆದುಹೋದ ಒಂದು ಕಥೆಪುಸ್ತಕವನ್ನು ನಾನು ಹೀಗೆ ತಿಂಗಳುಗಟ್ಟಲೆ ಓದುತ್ತಿದ್ದೆ. ನದಿ ದಾಟಿಸುವ ಒಬ್ಬ ದೋಣಿಯವನ ಹತ್ತಿರ ಯಾರೋ ಒಂದು ಪೆಟ್ಟಿಗೆ ಬಿಟ್ಟು ಹೋಗಿರುತ್ತಾರೆ. ತಮ್ಮದೆಂದು ಕೇಳಿಕೊಂಡು ಬಂದವರಿಗೆಲ್ಲ ಅವನು, ಒಳಗೆ ಏನುಂಟು ಹೇಳಿ, ಸರಿಯಾಗಿದ್ದರೆ ಕೊಡುತ್ತೇನೆ, ಅನ್ನುತ್ತಾನೆ. ತಮಾಷೆ ಏನೆಂದರೆ ಒಳಗೆ ಏನುಂಟೆಂದು ಅವನಿಗೂ ಗೊತ್ತಿಲ್ಲ. ಅವನಿಗೆ ಜ್ವರ ಬಂದು ಮಲಗಿದ ದಿನ ಮಗಳು ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕುತ್ತಾಳೆ. ನಾನು ಅಲ್ಲಿಗೆ ಬಂದಿದ್ದೆ. ಆ ಪುಸ್ತಕ ಒಯ್ದಿದ್ದ ಮಕ್ಕಳನ್ನು ಕೇಳಿದರೆ ಒಬ್ಬ ಚಿನ್ನ ಅಂದ, ಒಬ್ಬ ಹಾವು ಅಂದ, ಒಬ್ಬಳು ಪೆಟ್ಟಿಗೆಯೇ ಇರಲಿಲ್ಲ ಅಂದಳು. ಕಾನೂನಿಗೆ ಹೆದರಿ ಒಯ್ದವರು, ಯಾರೂ ಓದಿರಲಿಲ್ಲ. ಪೆಟ್ಟಿಗೆಯಲ್ಲಿ ಏನಿತ್ತೆಂದು ಮಮ್ಮಿಗೆ ಗೊತ್ತಿತ್ತು. ಕೇಳಿದರೆ, “ಓದಿ ತಿಳ್ಕೋ,” ಅನ್ನುತ್ತಿದ್ದಳು.

ಆ ಪುಸ್ತಕದ ಒಳಪುಟದಲ್ಲಿ ಮಾಸಿದ ನೇರಳೆ ಬಣ್ಣದ ಒಂದು ಮುದ್ರೆ ಇತ್ತು, ಸುತ್ತಲೂ ಅಕ್ಷರ, ನಡುವೆ ಒಂದು ದೀಪ. ನಮ್ಮ ಕೆಲವು ಹಳೆಯ ಪುಸ್ತಕಗಳಲ್ಲೂ ಅದು ಇತ್ತು, ಹೊಸವುಗಳಲ್ಲಿ ಇರಲಿಲ್ಲ. ನನಗೆ ಕಂಡದ್ದನ್ನೆಲ್ಲ ಕೆದಕುವ ಚಾಳಿ. ಮೀನಿನ ಹೊಟ್ಟೆ ಸೀಳುವಾಗ ಕೂಡ ಒಳಗೆ ಏನುಂಟೆಂದು ನೋಡಲು ಮಮ್ಮಿಯ ಮೊಣಕೈಗೆ ಅಂಟಿಕೊಂಡೇ ಇರುತ್ತಿದ್ದೆ. ಮುದ್ರೆಯ ವಿಷಯ ತೆಗೆದರೆ ಅವಳು ಒಲೆಯ ಕಡೆ ತಿರುಗುತ್ತಿದ್ದಳು. ಆದ್ದರಿಂದ ನಾನು ಪಪ್ಪಾರನ್ನು ಹಿಡಿದೆ. ಗ್ಯಾರೇಜಿನಿಂದ ಬಂದು ಸೀಮೆಎಣ್ಣೆಯಲ್ಲಿ ಕೈಯ ಬಣ್ಣ ಉಜ್ಜಿಕೊಳ್ಳುವಾಗ ಅವರು ಎಲ್ಲಿಗೂ ಓಡುವಂತಿರಲಿಲ್ಲ.

ಪಪ್ಪಾ ಹೇಳಿದ್ದನ್ನೆಲ್ಲ ಕೂಡಿಸಿದಾಗ ತಿಳಿದದ್ದು ಇದು. ಮೊದಲು ನಾವು ಕುವೈತಿನಲ್ಲಿದ್ದೆವು. ಅಲ್ಲಿ ಮಮ್ಮಿ ಮತ್ತು ಉಳ್ಳಾಲದ ಜೋಹರಾ ಟೀಚರ್ ಸೇರಿ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಕನ್ನಡ ಶಾಲೆ ನಡೆಸುತ್ತಿದ್ದರು. ಊರಿಗೆ ಹೋದವರೆಲ್ಲ ಉಪ್ಪಿನಕಾಯಿ, ಕುಚ್ಚಲಕ್ಕಿಯ ನಡುವೆ ಒಂದು ಪುಸ್ತಕ ತುರುಕಿಕೊಂಡು ಬರಬೇಕೆಂದು ದುಂಬಾಲು ಬಿದ್ದು ಇಬ್ಬರೂ ದೊಡ್ಡ ಲೈಬ್ರರಿ ಮಾಡಿದ್ದರು. ಹವಾಯಿ ಚಪ್ಪಲಿಯ ಅಟ್ಟೆ ಕೆತ್ತಿ ಆ ದೀಪದ ಮುದ್ರೆ ಮಾಡಿದ್ದು ಜೋಹರಾ ಟೀಚರ್. ಒಬ್ಬರ ಮನೆಮಾತು ಕೊಂಕಣಿ, ಇನ್ನೊಬ್ಬರದು ಬ್ಯಾರಿ. ಪಾಠಕ್ಕೆ ಕನ್ನಡ, ಜಗಳಕ್ಕೆ ತುಳು. ಆ ವರ್ಷ ಬೇಸಿಗೆ ರಜೆಗೆ ಸಂಸಾರಗಳು ಊರಿಗೆ ಹೊರಡುವಾಗ ಅವರಿಗೆ ದೊಡ್ಡ ಜಗಳವಾಯಿತು. ರಜೆಯಲ್ಲಿ ಪುಸ್ತಕಗಳು ಮಕ್ಕಳ ಹತ್ತಿರವೇ ಇರಲಿ ಎಂದರು ಜೋಹರಾ ಟೀಚರ್. ಒಯ್ದರೆ ಊರಲ್ಲೇ ಬಿಟ್ಟು ಬರುತ್ತಾರೆ, ಎಲ್ಲ ವಾಪಸ್ ಬರಬೇಕು ಎಂದಳು ಮಮ್ಮಿ. ಮನೆಮನೆಗೆ ಹೋಗಿ ಒಂದೊಂದನ್ನೂ ವಸೂಲಿ ಮಾಡಿ, ಕಪಾಟಿಗೆ ತುಂಬಿ ಬೀಗ ಜಡಿದಳು. ಅದೇ ರಜೆಯಲ್ಲಿ ಯುದ್ಧ ಬಂತು. ಆ ಸಲ ರಜೆಗೆ ಹೋಗದೆ ಅಲ್ಲೇ ಇದ್ದ ನಾವು ಉಟ್ಟ ಬಟ್ಟೆಯಲ್ಲಿ ಜೋರ್ಡಾನಿನ ನಿರಾಶ್ರಿತರ ಡೇರೆಗಳ ದಾರಿಯಾಗಿ ಊರು ಸೇರಿದೆವು. ಆ ಕಟ್ಟಡ ಸುಟ್ಟುಹೋಯಿತೆಂದು ಆಮೇಲೆ ಸುದ್ದಿ ಬಂತು.

“ಜೋಹರಾ ಟೀಚರ್ ಎಲ್ಲಿದ್ದಾರೆ ಪಪ್ಪಾ?”

“ಉಳ್ಳಾಲದಲ್ಲಿ ಇರ್ಬೇಕು. ಇವಳೂ ಕೇಳ್ಲಿಲ್ಲ, ಅವರೂ ಹೇಳಿ ಕಳಿಸ್ಲಿಲ್ಲ. ನೀನು ಮಮ್ಮಿ ಹತ್ರ ಆ ಹೆಸರು ಎತ್ಬೇಡ ಆಯ್ತಾ?”

“ಮಮ್ಮಿಗೆ ಅವರ ಮೇಲೆ ಸಿಟ್ಟಾ?”

“ಸಿಟ್ಟಲ್ಲ ಮಗಾ, ಹೆದರಿಕೆ. ಎದುರು ಸಿಕ್ಕಿ, ನಾನು ಹೇಳಿದ್ದೆ ಅಲ್ವಾ ಅಂತ ಕೇಳಿದ್ರೆ ಎಂತ ಹೇಳುದು ಅಂತ.”

ದೋಣಿಯವನ ಪುಸ್ತಕ ಹೇಗೆ ಉಳಿಯಿತು ಎಂಬುದು ನನಗೆ ಗೊತ್ತಿದ್ದ ಕಥೆ, ನಾನೇ ಕಣ್ಣಾರೆ ಕಂಡದ್ದು. ಬಹರೈನಿಗೆ ಬಂದ ಹೊಸತರಲ್ಲಿ, ಮನಾಮಾದ ಇಗರ್ಜಿಯಲ್ಲಿ ಸಂಜೆಯ ಪೂಜೆ ಮುಗಿಸಿ ಹೊರಗೆ ನಿಂತಿದ್ದಾಗ, ಹೋಟೆಲಿನಲ್ಲಿ ಅಡುಗೆ ಮಾಡುವ ವಿನ್ಸೆಂಟ್ ಅಂಕಲ್ ಮೆಟ್ಟಿಲ ಮೇಲೆ ಮಮ್ಮಿಯನ್ನು ನೋಡಿ ಕಂಬದ ಹಿಂದೆ ಸರಿದರು. ಮಮ್ಮಿ ಬಿಡುತ್ತಾಳೆಯೇ? ಹೋಗಿ ಹಿಡಿದಳು. ಅವರು ತಲೆ ಕೆಳಗೆ ಹಾಕಿ, ಕುವೈತಿನಲ್ಲಿ ತಾನು ಹೇಳಿದ್ದು ಸುಳ್ಳೆಂದೂ, ಪುಸ್ತಕ ಕಳೆದಿಲ್ಲವೆಂದೂ, ಅರ್ಧ ಓದಿದ್ದರಿಂದ ಕೊಡಲು ಮನಸ್ಸಾಗಲಿಲ್ಲವೆಂದೂ, ಓಡಿ ಬರುವಾಗ ಪಾಸ್‌ಪೋರ್ಟನ್ನು ಅದರೊಳಗೇ ಇಟ್ಟುಕೊಂಡು ಬಂದೆನೆಂದೂ ಒಪ್ಪಿಕೊಂಡರು.

“ತಪ್ಪಾಯ್ತು ಬಾಯಿ. ಸುಳ್ಳು ಹೇಳ್ಬಾರದಿತ್ತು.”

“ಎಷ್ಟು ಒಳ್ಳೆದಾಯ್ತು ಮಾರಾಯ್ರೆ ನೀವು ಸುಳ್ಳು ಹೇಳಿದ್ದು!” ಎಂದು ಮಮ್ಮಿ ಇಗರ್ಜಿಯ ಎದುರೇ ಅವರ ಎರಡೂ ಕೈ ಹಿಡಿದುಕೊಂಡು ಅತ್ತಳು.

ಸುದ್ದಿ ಹಬ್ಬಿದ ಮೇಲೆ ಇಂಥ ಇನ್ನಷ್ಟು ಕಳ್ಳರು ಒಬ್ಬೊಬ್ಬರಾಗಿ ಬಂದರು. ಹಾಸಿಗೆಯಡಿ ಬಚ್ಚಿಟ್ಟವರು, ಹೇಳದೆ ಊರಿಗೆ ಒಯ್ದವರು, ಮರೆತವರು. ವಾಯಿದೆ ಮೀರಿದ ಪುಸ್ತಕ ಕಂಡರೆ ಉರಿದುಬೀಳುತ್ತಿದ್ದ ಮಮ್ಮಿಯ ಹೊಸ ಲೈಬ್ರರಿ ಹುಟ್ಟಿದ್ದೇ ಹಾಗೆ ಉಳಿದುಹೋದ ಪುಸ್ತಕಗಳಿಂದ. ಆಗಲೇ ಪಪ್ಪಾ ಕಪಾಟು ಮಾಡಿದ್ದು. ಬೀಗ ಇಡಬೇಡಿ ಎಂದಳು. ಬೀಗ ಇಲ್ಲದ ಕಪಾಟು ಮಾಡುವುದು ಪಪ್ಪಾಗೆ ಅವಮಾನ. ಅದಾಗಲೇ ಕೊರೆದಿದ್ದ ಬೀಗದ ತೂತನ್ನು ಅವರು ಮುಚ್ಚಲಿಲ್ಲ, ಇವತ್ತಲ್ಲ ನಾಳೆ ಬುದ್ಧಿ ಬಂದೀತು ಎಂದು. ನಾನು ಆ ತೂತಿಗೆ ಕಣ್ಣಿಟ್ಟು ಒಳಗಿನ ಕತ್ತಲೆ ನೋಡುತ್ತಿದ್ದೆ.

ಹೀಗಿರುವಾಗ ರಾಜಶೇಖರ್ ಅಂಕಲ್ ಬೆಂಗಳೂರಿಗೆ ಹೋದವರು ರಟ್ಟಿನ ಪೆಟ್ಟಿಗೆ ತುಂಬ ಹೊಸ ಪುಸ್ತಕ ತಂದರು. ಒಳ್ಳೆಯ ಮನುಷ್ಯ, ಎಲ್ಲವೂ ನೀಟಾಗಿರಬೇಕು ಅವರಿಗೆ. ಗಾಜಿನ ಬಾಗಿಲಿನ ಕಪಾಟು ಮಾಡಿಸಿಕೊಡುತ್ತೇನೆ, ಮಕ್ಕಳು ಇಲ್ಲೇ ಕೂತು ಓದಲಿ, ಹೊರಗೆ ಕೊಡುವುದು ಬೇಡ, ಎಂದರು.

“ಬೇಜಾರ್ ಮಾಡ್ಕೋಬೇಡಿ ಮೇಡಂ. ಲೈಬ್ರರಿ ಅಂದ್ಮೇಲೆ ಅಲ್ಲಿ ಪುಸ್ತಕ ಇರ್ಬೇಕಲ್ವಾ? ಮೊನ್ನೆ ನಾನು ಮೊಟ್ಟೆ ತಗೊಳ್ಳೋಕೆ ಹೋದ್ರೆ ಅಂಗಡಿಯವ್ನು ಕನ್ನಡ ಪುಸ್ತಕದ ಮೇಲೆ ಟೀ ಇಟ್ಕೊಂಡಿದ್ದ.”

ಆ ಹೊಸ ಪುಸ್ತಕಗಳ ವಾಸನೆಗೆ ನನಗೆ ತಲೆ ತಿರುಗಿತ್ತು. ಗಾಜಿನ ಕಪಾಟು ಬಂದರೆ ಪುಸ್ತಕ ಮನೆಯಲ್ಲೇ ಇರುತ್ತದೆ, ನಾನು ದಿನಾ ಓದಬಹುದು, ಪೆಟ್ಟಿಗೆಯ ಮುಚ್ಚಳ ತೆರೆಯುತ್ತದೆ! ಮಮ್ಮಿ ಆಮೇಲೆ ಹೇಳುತ್ತೇನೆಂದಳು. ಮಧ್ಯಾಹ್ನ ಸಾಫಿ ಮೀನಿನ ಸಾರು ಬಡಿಸುವಾಗ ಪಪ್ಪಾ ಶುರು ಮಾಡಿದರು.

“ಒಪ್ಪಿಕೊಂಡ್ರೆ ಎಂತ ಆಗ್ತದೆ? ಯುದ್ಧ ಎಲ್ಲ ಕಡೆ ಬರ್ತದಾ?”

“ಬರುದಿಲ್ಲ ಅಂತ ಅಲ್ಲಿಯೂ ಹೇಳಿದ್ದು.”

“ಅಲ್ಲ ಫ್ಲೋರಿ, ಊರವರೆಲ್ಲ ನಗಾಡ್ತಾರೆ. ಖಾಲಿ ಕಪಾಟಿಗೆ ನಾನು ಬಣ್ಣ ಬೇರೆ ಹೊಡ್ದಿದ್ದೇನೆ.”

ಮಮ್ಮಿ ಸೌಟು ಪಾತ್ರೆಗೆ ಹಾಕಿ ಒಳಗೆ ಹೋದಳು. ಅವಳಿಗೂ ಗಾಜಿನ ಕಪಾಟಿನ ಆಸೆ ಇತ್ತೆಂದು ನನಗೆ ಈಗ ಅನಿಸುತ್ತದೆ. ಸಾಲಾಗಿ ಜೋಡಿಸಿಟ್ಟ ಪುಸ್ತಕ ನೋಡುವುದು ಅವಳಿಗೆ ಬಹಳ ಇಷ್ಟದ್ದು. ಅವಳು ಹುಟ್ಟಿದ್ದೇ ಬೀಗ ಹಾಕುವ ಸ್ವಭಾವದಲ್ಲಿ. ನಮ್ಮ ಸಕ್ಕರೆ ಡಬ್ಬಕ್ಕೂ ಬೀಗ ಇತ್ತು. ಕಾನೂನು ಮುರಿದು ಒಪ್ಪುತ್ತಾಳೋ, ಪಟ್ಟು ಹಿಡಿದು ಹೊಸ ಪುಸ್ತಕಗಳನ್ನೇ ಬಿಟ್ಟುಬಿಡುತ್ತಾಳೋ ಎಂದು ನಾನು ಆ ವಾರವೆಲ್ಲ ಅವಳ ಮುಖ ನೋಡಿಕೊಂಡೇ ಇದ್ದೆ.

ಮುಂದಿನ ಶುಕ್ರವಾರ ತರಗತಿ ಮುಗಿದು, ಮಕ್ಕಳೆಲ್ಲ ಪುಸ್ತಕ ಹಿಡಿದು ಮೆಟ್ಟಿಲಿಳಿದು ಹೋಗಿದ್ದರು. ದೋಣಿಯವನ ಪುಸ್ತಕವೊಂದೇ ಉಳಿದು ನನ್ನ ತೊಡೆಯ ಮೇಲಿತ್ತು. ಅದನ್ನು ಒಯ್ಯಬೇಕಾದ ಹುಡುಗಿ ಸಂಜೆ ಇಗರ್ಜಿಯಲ್ಲಿ ತೆಗೆದುಕೊಳ್ಳುತ್ತೇನೆಂದಿದ್ದಳು. ನನ್ನ ಅದೃಷ್ಟಕ್ಕೆ ಕುಣಿಯುವಂತಾಗಿತ್ತು. ಆಗ ಕೆಳಗೆ ಉಮ್ ಯೂಸುಫ್ ಯಾರಿಗೋ ಮರ್ಹಬಾ ಹೇಳಿದ್ದು ಕೇಳಿತು, ಯಾರೋ ಅರಬ್ಬಿಯಲ್ಲೇ ಲೀಲಾಜಾಲವಾಗಿ ಉತ್ತರಿಸಿದರು. ಆ ದನಿ ಕೇಳಿ ಮಮ್ಮಿ ಅವಲಕ್ಕಿಯ ಪಾತ್ರೆ ಹಿಡಿದುಕೊಂಡೇ ನಿಂತುಬಿಟ್ಟಳು. ಕಪ್ಪು ಬುರ್ಖಾದ, ಕುಳ್ಳಗಿನ, ಏದುಸಿರು ಬಿಡುತ್ತಿದ್ದ ಒಬ್ಬ ಹೆಂಗಸು ಮೇಲೆ ಬಂದರು. ಬಹರೈನಿನಲ್ಲಿದ್ದ ಅಣ್ಣನ ಮನೆಗೆ ವಿಸಿಟ್ ವೀಸಾದಲ್ಲಿ ಬಂದು, ಶುಕ್ರವಾರದ ತರಗತಿಯ ಸುದ್ದಿ ಕೇಳಿ ಹುಡುಕಿಕೊಂಡು ಬಂದ ಜೋಹರಾ ಟೀಚರ್. ಅವರು ಮಮ್ಮಿಯನ್ನು ನೋಡಲಿಲ್ಲ. ನೇರವಾಗಿ ನೀಲಿ ಕಪಾಟಿನ ಹತ್ತಿರ ಹೋಗಿ, ಹೆಸರು ಓದಿ, ಬಾಗಿಲು ತೆರೆದರು.

“ಎಂತ ಬಾಯಿ ಇದು? ಇಲ್ಲಿಯೂ ಎಲ್ಲ ಹೋಯ್ತಾ?”

“ಹೋಗ್ಲಿಲ್ಲ ಟೀಚರ್,” ಎಂದಳು ಮಮ್ಮಿ. “ಎಲ್ಲ ಮಕ್ಕಳ ಹತ್ರ ಉಂಟು. ನೀವು ಹೇಳಿದ ಹಾಗೆ.”

ಜೋಹರಾ ಟೀಚರ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ವಿಮಾನ ಬಂತು. ಸದ್ದು ಸೂರನ್ನು ಅಲುಗಾಡಿಸುತ್ತ ನಮ್ಮ ಮೇಲೆ ಹೋಗುವವರೆಗೆ ಮೂವರೂ ಒಬ್ಬರನ್ನೊಬ್ಬರು ನೋಡುತ್ತ ಇದ್ದೆವು. ಅಷ್ಟು ನಿಧಾನವಾಗಿ ಹೋದ ವಿಮಾನವನ್ನು ನಾನು ಇನ್ನೊಂದು ಕಂಡಿಲ್ಲ.

“ನಾನು ಅವತ್ತು ಹಾಗೆ ಹೇಳಿದ್ದು ಯಾಕೆ ಗೊತ್ತುಂಟಾ ಬಾಯಿ?” ಸದ್ದು ಹೋದ ಮೇಲೆ ಟೀಚರ್ ಕಪಾಟಿನ ಬಾಗಿಲು ಮೆಲ್ಲಗೆ ಮುಚ್ಚಿದರು. “ರಜೆಯಲ್ಲಿ ನಮ್ಮ ರಫೀಕನ ಉಪದ್ರ ತಡಿಲಿಕ್ಕೆ ಆಗ್ತಿರ್ಲಿಲ್ಲ. ಅವನನ್ನು ಕೂರಿಸ್ಲಿಕ್ಕೆ ಒಂದು ಪುಸ್ತಕ ಬೇಕಿತ್ತು, ಅಷ್ಟೇ. ಯುದ್ಧ ಬರ್ತದೆ ಅಂತ ನನಗೆಂತ ಕನಸು ಬಿದ್ದಿತ್ತಾ?”

“ನಿಮಗೆ ನನ್ನ ಮೇಲೆ ಸಿಟ್ಟು ಅಂತ ನಾನು...”

“ಸಿಟ್ಟು ಇತ್ತು. ನೀವು ಬದುಕಿದ್ದೀರಿ ಅಂತ ಒಂದು ಮಾತು ಹೇಳಿ ಕಳಿಸ್ಲಿಲ್ಲ ಅಲ್ವಾ, ಅದಕ್ಕೆ. ಪುಸ್ತಕ ಸುಟ್ಟದ್ದಕ್ಕೆ ಅಲ್ಲ ಮಾರಾಯ್ತಿ.”

ಮಮ್ಮಿ ಪಾತ್ರೆ ಕೆಳಗಿಟ್ಟು ಅವರನ್ನು ಅಪ್ಪಿಕೊಂಡಳು. ಆಮೇಲೆ ಇಬ್ಬರೂ ತುಳುವಿನಲ್ಲಿ ಒಬ್ಬರನ್ನೊಬ್ಬರು ಎಷ್ಟು ಬೈದುಕೊಂಡರೆಂದರೆ ಏನಾಯಿತೋ ಎಂದು ಉಮ್ ಯೂಸುಫ್ ಮೆಟ್ಟಿಲು ಹತ್ತಿ ಬಂದಳು. ಮೂವರೂ ನೆಲದಲ್ಲಿ ಕೂತು ಪಾತ್ರೆಯ ತಳದ ಅವಲಕ್ಕಿ ಕೆರೆದು ತಿಂದರು. ನನಗೆ ಸಂತೋಷವಾಗಿತ್ತು, ನಾನೂ ಸುಮ್ಮಸುಮ್ಮನೆ ಅತ್ತೆ. ಹಾಗೆ ಅಳುತ್ತಲೇ ಪುಟ ತಿರುಗಿಸಲು ಹೊರಟಾಗ ಟೀಚರ ಕಣ್ಣು ಪುಸ್ತಕದ ಮೇಲೆ ಬಿತ್ತು. ಕೈ ಚಾಚಿದರು. ಒಳಪುಟ ತೆರೆದು, ತಾವು ಕೆತ್ತಿದ ದೀಪದ ಮೇಲೆ ಹೆಬ್ಬೆರಳು ಸವರಿದರು.

“ಇದು ಉಂಟಾ ಇನ್ನೂ?”

“ತಗೊಂಡು ಹೋಗಿ,” ಎಂದಳು ಮಮ್ಮಿ.

“ಮಮ್ಮಿ, ನಾನು ಓದಿ ಆಗ್ಲಿಲ್ಲ! ಸ್ವಲ್ಪವೇ ಉಂಟು!”

ಯಾರೂ ನನ್ನ ಕಡೆ ನೋಡಲಿಲ್ಲ. “ನಾನು ಉಳ್ಳಾಲಕ್ಕೆ ಹೋಗುವವಳು ಬಾಯಿ,” ಎಂದರು ಟೀಚರ್. “ಇದು ವಾಪಸ್ ಬರುದಿಲ್ಲ, ಈಗಲೇ ಹೇಳಿದ್ದೇನೆ.”

“ಬರುದು ಬೇಡ. ಅಲ್ಲೇ ಇರ್ಲಿ,” ಎಂದಳು, ವಾಯಿದೆ ಮೀರಿದವರನ್ನು ಮನೆತನಕ ಅಟ್ಟಿಸಿಕೊಂಡು ಹೋಗುತ್ತಿದ್ದ ನನ್ನ ಮಮ್ಮಿ.

ನಾನು ಎರಡು ದಿನ ಅವಳೊಡನೆ ಮಾತು ಬಿಟ್ಟೆ. ರಾಜಶೇಖರ್ ಅಂಕಲ್‌ಗೆ ಗಾಜಿನ ಕಪಾಟು ಬೇಡವೆಂದು ಹೇಳಿ ಕಳಿಸಿದಳು. ಅವರು ಸ್ವಲ್ಪ ದಿನ ಮುಖ ಊದಿಸಿಕೊಂಡಿದ್ದು, ಕೊನೆಗೆ ರಟ್ಟಿನ ಪೆಟ್ಟಿಗೆಯನ್ನು ತಾವೇ ಹೊತ್ತು ತಂದರು. ಆ ವಾರ ಮಕ್ಕಳು ಕಡಿಮೆ ಇದ್ದುದರಿಂದ ಕಾನೂನಿನ ಪ್ರಕಾರ ಅದರಲ್ಲಿ ಅರ್ಧವನ್ನು ಅವರೇ ವಾಪಸ್ ಹೊತ್ತುಕೊಂಡು ಹೋಗಬೇಕಾಯಿತು. ಪಪ್ಪಾ ಬೀಗದ ತೂತಿಗೆ ಒಂದು ಚೂರು ತಗಡು ಬೆಸೆದು ಬಣ್ಣ ಹೊಡೆದರು.

ಈಗ ಆ ಕಪಾಟು ಮುಹರ್ರಕ್ ಪಕ್ಕದ ಹಿದ್‌ನಲ್ಲಿರುವ ನನ್ನ ಫ್ಲ್ಯಾಟಿನಲ್ಲಿದೆ. ನಾನು ಬಂದರಿನ ಹತ್ತಿರ ಒಂದು ಶಿಪ್ಪಿಂಗ್ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ, ಶುಕ್ರವಾರ ಪಾಠ ಹೇಳುತ್ತೇನೆ. ಬರುವ ಮಕ್ಕಳು ಬೆರಳೆಣಿಕೆಯಷ್ಟು, ಅವರೂ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವರು. ಇದು ಯಾರಿಗೆ ಬೇಕು ಎಂದು ಎಷ್ಟೋ ಗುರುವಾರ ಸಂಜೆ ಅನಿಸಿದೆ, ನಿಲ್ಲಿಸಿಬಿಡೋಣ ಎಂದೂ ಅನಿಸಿದೆ. ಮಮ್ಮಿ ಹೋಗಿ ವರ್ಷಗಳಾದವು. ಹಾಸಿಗೆ ಹಿಡಿದಿದ್ದಾಗ ಕೂಡ ನಾನು ಬಿಡದೆ ಪೆಟ್ಟಿಗೆಯಲ್ಲಿ ಏನಿತ್ತೆಂದು ಕೇಳಿದ್ದೆ. “ಓದಿ ತಿಳ್ಕೋ,” ಎಂದು ನಕ್ಕಿದ್ದಳು.

ಕಳೆದ ವಾರ ತರಗತಿ ಮುಗಿದು ಎಲ್ಲರೂ ಹೋದ ಮೇಲೆ ಸಫಾ ಒಬ್ಬಳು ಬಾಗಿಲಲ್ಲಿ ನಿಂತಿದ್ದಳು. ಸಫಾ ಎಂದರೆ, ಅಂದು ಉಪದ್ರ ಕೊಡುತ್ತಿದ್ದ ರಫೀಕನ ಮಗಳು, ಜೋಹರಾ ಟೀಚರ ಮೊಮ್ಮಗಳು. ರಜೆಗೆ ಉಳ್ಳಾಲಕ್ಕೆ ಹೋಗಿ ಬಂದಿದ್ದಳು. ಬ್ಯಾಗಿನಿಂದ, ಮುಖಪುಟವಿಲ್ಲದ, ಬಟ್ಟೆಯಲ್ಲಿ ಹೊಲಿದ ರಟ್ಟು ಹಾಕಿದ ಒಂದು ಪುಸ್ತಕ ತೆಗೆದು ನನ್ನ ಕೈಯಲ್ಲಿಟ್ಟಳು.

“ಅಜ್ಜಿಗೆ ಈಗ ಕಣ್ಣು ಸರಿ ಕಾಣುದಿಲ್ಲ ಆಂಟಿ. ಇದು ನಿಮ್ಮದಂತೆ. ರಿಟರ್ನ್ ಮಾಡ್ಲಿಕ್ಕೆ ಹೇಳಿದ್ರು.”

ನೇರಳೆ ದೀಪ ಇನ್ನೂ ಇತ್ತು, ಹುಡುಕಿದರೆ ಕಾಣುವಷ್ಟು. ನನ್ನ ಬೆರಳು ತಾನಾಗಿಯೇ ಕೊನೆಯ ಕಡೆಗೆ ಹೋಯಿತು. ಮುಚ್ಚಳಕ್ಕೆ ಕೈ ಹಾಕಿದ ಮಗಳ ಪುಟ ಸಿಕ್ಕಿತು. ಅಲ್ಲಿಂದ ಮುಂದೆ ಕೆಲವೇ ಹಾಳೆ. ಚಹಾ ಕುದಿಯುವುದರೊಳಗೆ ಓದಿ ಮುಗಿಸಬಹುದಿತ್ತು.

“ನೀನು ಓದಿದ್ಯಾ?”

“ಹಾಫ್ ಓದಿದ್ದೇನೆ. ದೋಣಿಯವನಿಗೆ ಫೀವರ್ ಬರ್ತದಲ್ಲ, ಅಲ್ಲಿವರೆಗೆ. ಆಂಟಿ, ಆ ಬಾಕ್ಸಲ್ಲಿ ಎಂತ ಉಂಟು?”

“ನನಗೆ ಗೊತ್ತಿಲ್ಲ.”

“ಸುಳ್ಳು! ನೀವು ಟೀಚರ್ ಅಲ್ವಾ?”

“ದೇವರಾಣೆ ಗೊತ್ತಿಲ್ಲ ಮಗಾ. ನಿನ್ನಷ್ಟು ಇರುವಾಗ ಅರ್ಧ ಓದಿದ್ದು. ನಿನ್ನ ಅಜ್ಜಿ ನನ್ನ ಕೈಯಿಂದ ತಗೊಂಡು ಹೋದ್ರು.”

ಸಫಾ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಇಷ್ಟು ದೊಡ್ಡವಳಿಗೆ ಗೊತ್ತಿಲ್ಲದ ಒಂದು ಸಂಗತಿ ತನಗೆ ಮೊದಲು ಗೊತ್ತಾಗಬಹುದು ಎಂಬುದು ಅವಳ ಕಣ್ಣಿನಲ್ಲಿ ಹೊಳೆದದ್ದನ್ನು ನಾನು ಕಂಡೆ. ಪುಸ್ತಕ ಮುಚ್ಚಿ ಅವಳ ಕೈಗೆ ವಾಪಸ್ ಕೊಟ್ಟೆ. ಕೊಡುವಾಗ ನನ್ನ ಬೆರಳು ಸ್ವಲ್ಪ ಹೊತ್ತು ಬಿಡಲಿಲ್ಲ, ಅವಳು ಎಳೆದುಕೊಳ್ಳಬೇಕಾಯಿತು.

“ಪೂರ್ತಿ ಓದಿ ಬಂದು ನನಗೆ ಹೇಳ್ಬೇಕು. ಕನ್ನಡದಲ್ಲಿ.”

“ಫುಲ್ ಕನ್ನಡದಲ್ಲಾ?”

“ಪೂರ್ತಿ.”

ಅವಳು ಪುಸ್ತಕವನ್ನು ಎದೆಗೆ ಒತ್ತಿಕೊಂಡು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿದಳು. ಇವತ್ತು ಬುಧವಾರ. ಕಪಾಟು ಖಾಲಿ ಇದೆ. ಶುಕ್ರವಾರ ಯಾವಾಗ ಬರುತ್ತದೋ ಎಂದು ನಾನು, ಈ ವಯಸ್ಸಿನಲ್ಲಿ, ಕಾಯುತ್ತ ಕೂತಿದ್ದೇನೆ.